ಮೀನುಪೇಟೆಗೆ ಬಿಟ್ಟರೆ ಬದುಕಿಕೊಳ್ಳುತ್ತದೆ

ಮೇ ತಿಂಗಳ ಕೊನೆಯಲ್ಲಿ ಶಿರಸಿ ಸುತ್ತಲಿನ ಯಾವ ಕೇರಿಗೆ ಹೋದರೂ ಜಗಲಿಯ ಮೇಲೆ ತೂಕದ ಯಂತ್ರ ಕಾಣುತ್ತದೆ. ಅಡಿಕೆ ತೂಗಲಿಕ್ಕಲ್ಲ, ಸೂಟ್‌ಕೇಸ್ ತೂಗಲಿಕ್ಕೆ. ಪೆಟ್ಟಿಗೆಯೊಂದಕ್ಕೆ 23 ಕಿಲೋ. ಅದರೊಳಗೆ ಹಲಸಿನ ಹಪ್ಪಳ ಎಷ್ಟು, ಅಪ್ಪೆಮಿಡಿ ಎಷ್ಟು, ಬಾಣಂತಿ ಲೇಹ್ಯ ಎಷ್ಟು ಎಂಬುದರ ಮೇಲೆ ಗಂಡ ಹೆಂಡತಿ ಮಾತು ಬಿಟ್ಟಿರುತ್ತಾರೆ. ಮಗಳೋ ಸೊಸೆಯೋ ಅಮೆರಿಕದಲ್ಲಿ ತುಂಬು ಬಸುರಿ. ಅಲ್ಲಿಯ ಸರ್ಕಾರ ಇಂಥ ನೆಂಟರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತದೆ. ಕೊಟ್ಟಿದ್ದರಲ್ಲಿ ಒಂದು ದಿನವನ್ನೂ ಬಿಟ್ಟು ಬರುವ ಪೈಕಿ ನಮ್ಮವರಲ್ಲ.

ಹೊರಡುವ ಮುಂಚಿನ ವ್ಯವಸ್ಥೆ ನೋಡಿದರೆ ಜಿಲ್ಲಾಡಳಿತ ಬಂದು ಪಾಠ ಹೇಳಿಸಿಕೊಳ್ಳಬೇಕು. ತೋಟದ ಫಸಲು ಚೇಣಿಗೆ ಕೊಟ್ಟಾಯಿತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕೊನೆಗೌಡನಿಗೆ ಮುಂಗಡ ಸಂದಾಯವಾಯಿತು. ಆಕಳು ತಂಗಿಯ ಮನೆ ಕೊಟ್ಟಿಗೆ ಸೇರಿತು. ದೇವರಿಗೆ ದಿನಾ ದೀಪ ಹಚ್ಚಿ ಎರಡು ಹೂವು ಏರಿಸಲು ಆಚೆಮನೆ ಮಾಣಿ, ಅವನಿಗೆ ಪರೀಕ್ಷೆ ಬಂದರೆ ಈಚೆಮನೆ ಮಾಣಿ. ಪೇಪರ್ ಬಂದ್, ಗ್ಯಾಸ್ ಬಂದ್. ಕರೆಂಟ್ ಬಿಲ್ಲು ಬ್ಯಾಂಕಿನಿಂದ ತಾನೇ ಕಟ್ಟಿಹೋಗುತ್ತದೆ. ಪಿಂಚಣಿಯವರು ನವೆಂಬರಿನಲ್ಲಿ ಕೊಡಬೇಕಾದ ‘ನಾನಿನ್ನೂ ಬದುಕಿದ್ದೇನೆ’ ಎಂಬ ಪ್ರಮಾಣಪತ್ರವನ್ನು ಮೊಬೈಲಿಗೆ ಮುಖ ತೋರಿಸಿ ಕಳಿಸುವುದನ್ನೂ ಮೊಮ್ಮಗನಿಂದ ಕಲಿತಾಯಿತು. ವಾಸನೆ ಹಿಡಿಯದಿರಲೆಂದು ಫ್ರಿಜ್ಜಿನ ಬಾಗಿಲಿಗೆ ಗರಟೆ ಸಿಕ್ಕಿಸಿ ಅರ್ಧ ತೆರೆದಿಟ್ಟಾಯಿತು.

ಇಷ್ಟೆಲ್ಲ ಮುಗಿದು, ಕಾರು ಬರಲು ಇನ್ನರ್ಧ ದಿನ ಇದೆ ಎನ್ನುವಾಗ, ಒಲೆಕಟ್ಟೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಮೈ ಮುರಿದು ಆಕಳಿಸುತ್ತದೆ.

“ಇದರ ಕತೆ ಎಂತ ಮಾಡವು?”

“ಅದಕ್ಕೆಂತ ಆಗ್ತು? ಬೆಕ್ಕಲ್ದಾ! ಎಲ್ಲಾದ್ರೂ ತಿಂದ್ಕತ್ತು.”

ಬೆಕ್ಕಿನ ಸಾಮರ್ಥ್ಯದ ಮೇಲೆ ನಮ್ಮವರಿಗಿರುವಷ್ಟು ಭರವಸೆ ಹೆತ್ತ ಮಗನ ಮೇಲೂ ಇಲ್ಲ. ಮೂವತ್ತೈದು ದಾಟಿದ ಮಗ ಅಲ್ಲಿ ಸರಿಯಾಗಿ ಉಂಡಾನೋ ಇಲ್ಲವೋ ಎಂದು 46 ಕಿಲೋ ಹೊತ್ತು ಸಮುದ್ರ ದಾಟುವವರು, ಹಾಲು ಸ್ವಲ್ಪ ತಣ್ಣಗಾದರೆ ಮೂಸಿ ಎದ್ದುಹೋಗುವ ಪ್ರಾಣಿ ಬೀಗ ಬಿದ್ದ ಮರುಗಳಿಗೆಯಿಂದ ಬೇಟೆಯಾಡಿ ಬದುಕುತ್ತದೆ ಎಂದು ನಂಬುತ್ತಾರೆ. ಪಶುವೈದ್ಯರನ್ನು ಕೇಳಿದರೆ ಬೇರೆ ಕತೆ ಹೇಳುತ್ತಾರೆ. ತಿಂದುಂಡು ಬೊಜ್ಜು ಬಂದ ಬೆಕ್ಕು ಕೆಲವೇ ದಿನ ಹೊಟ್ಟೆಗಿಲ್ಲದೆ ಕಳೆದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರಬಹುದು. ಅಷ್ಟೇ ಅಲ್ಲ, ನಾವು ಪ್ರೀತಿಯಿಂದ ಬಟ್ಟಲಿಗೆ ಸುರಿಯುವ ಆಕಳ ಹಾಲು ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅರಗುವುದೇ ಇಲ್ಲ. ಅದಕ್ಕೆ ಬೇಕಾದ ಟಾರಿನ್ ಎಂಬ ಸತ್ವ ಮಾಂಸದಿಂದಲೇ ಸಿಗಬೇಕು. ಹಾಲನ್ನ ಉಂಡು ಬೆಳೆದ ನಮ್ಮ ಮನೆಗಳ ಶುದ್ಧ ಸಸ್ಯಾಹಾರಿ ಬೆಕ್ಕುಗಳು ಮಾಡಿನ ಸಂದಿಯ ಹಲ್ಲಿ, ಅಟ್ಟದ ಇಲಿಗಳ ವ್ಯವಹಾರವನ್ನು ಯಜಮಾನರ ಮರ್ಯಾದೆಗೆ ಕುಂದು ಬಾರದಂತೆ ರಾತ್ರಿ ಹೊತ್ತು ನಡೆಸಿಕೊಂಡು ಬಂದಿವೆ.

ನಮ್ಮ ಕೇರಿಯ ನಿವೃತ್ತ ಮೇಷ್ಟ್ರ ಮನೆಯಲ್ಲಿ ಇನ್ನೊಂದು ತೊಡಕು ಬಂತು. ಅಷ್ಟು ದೂರದ ಪಯಣ, ಹೊರಡುವಾಗ ಬೆಕ್ಕು ಅಡ್ಡ ಬಂದರೆ? ಅಡ್ಡ ಬಾರದಿರಲೆಂದು ಅದನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿ, ಗಣಪತಿಗೆ ಕಾಯಿ ಒಡೆದು ಹೊರಟರು. ಹಾವೇರಿ ದಾಟಿದ ಮೇಲೆ ಅಕ್ಕೋರಿಗೆ ನೆನಪಾಯಿತು. ಕೀಲಿಕೈ ಅವರ ವ್ಯಾನಿಟಿ ಬ್ಯಾಗಿನಲ್ಲಿ. ಊರಿಗೆ ಫೋನು ಬಂತು. ಆಚೆಮನೆಯವನು ಏಣಿ ಹಾಕಿ ಹಂಚು ಸರಿಸಿ ಒಳಗಿಳಿದ. ಈ ಮನೆಗೆ ನುಗ್ಗಲು ಎಷ್ಟು ಹಂಚು ತೆಗೆದರೆ ಸಾಕು ಎಂಬುದನ್ನು ಇಡೀ ಕೇರಿ ಅಂಗಳದಲ್ಲಿ ನಿಂತು ನೋಡಿ ತಿಳಿದುಕೊಂಡಿತು. ಹೊರಬಂದ ಬೆಕ್ಕು ಮೊದಲು ಮಾಡಿದ ಕೆಲಸವೆಂದರೆ ರಸ್ತೆಗೆ ಅಡ್ಡ ಹಾಯ್ದದ್ದು.

ಇನ್ನು, ‘ಎಲ್ಲಾದರೂ ತಿಂದುಕೊಳ್ಳುತ್ತದೆ’ ಎಂಬಲ್ಲಿ ಆ ‘ಎಲ್ಲಾದರೂ’ ಎಲ್ಲಿ ಎಂದು ಕೇಳಿದರೆ ಜಿಲ್ಲೆಯುದ್ದಕ್ಕೂ ಒಂದೇ ಉತ್ತರ: ಮೀನುಪೇಟೆ. ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಬಸ್ಸಿನ ಸೀಟು ಬದಲಿಸುವವರು ಕೂಡ ಬೆಕ್ಕಿನ ವಿಚಾರ ಬಂದಾಗ ಮತ್ಸ್ಯೋದ್ಯಮದ ಕಟ್ಟಾ ಅಭಿಮಾನಿಗಳಾಗುತ್ತಾರೆ. “ಕುಮಟೆ ಪೇಟೇಲಿ ಬಿಟ್ರೆ ರಾಜನ ಹಂಗೆ ಇರ್ತು. ದಿನಾ ಬಂಗಡೆ, ತಾರ್ಲೆ!” ಬಂಗಡೆ, ತಾರ್ಲೆಗಳ ಹೆಸರು ಇವರಿಗೆ ಹೇಗೆ ಗೊತ್ತೆಂದು ಕೇಳಬೇಡಿ.

ಗಂಡಸರು ಗೋಣಿಚೀಲ ಹಿಡಿದು ಬಸ್ ಹತ್ತುವುದಿಲ್ಲ, ಮನೆಯಾಕೆಯನ್ನು ಕಳಿಸುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ. ಕಂಡಕ್ಟರ್ ಬಂದು “ಚೀಲದಲ್ಲಿ ಎಂತದ್ರಾ?” ಎನ್ನುತ್ತಾನೆ. “ಹಲಸಿನಕಾಯಿ.” ಹಲಸಿನಕಾಯಿ ಮ್ಯಾಂವ್ ಎನ್ನುತ್ತದೆ. ಅಲ್ಲಿಗೆ ಆಡಳಿತಾತ್ಮಕ ಬಿಕ್ಕಟ್ಟು ಶುರು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಸೊನ್ನೆ ರೂಪಾಯಿ ಟಿಕೆಟ್ಟನ್ನೂ, ಅವರ ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ಟನ್ನೂ ಹರಿದ ನಾಡು ಇದು. ರೆಕ್ಕೆ ಇದ್ದೂ ಬಸ್ಸಿನಲ್ಲಿ ಬಂದವಕ್ಕೆ ಅದು ದಂಡ ಎಂದುಕೊಳ್ಳೋಣ. ಆದರೆ ಹೆಣ್ಣು ಬೆಕ್ಕು? ಅದು ರಾಜ್ಯದ ಖಾಯಂ ನಿವಾಸಿ, ಹೆಣ್ಣು, ಘಟ್ಟದ ಕೆಳಗೆ ಹೊರಟಿದೆ. ಆಧಾರ್ ಕಾರ್ಡ್ ಒಂದಿಲ್ಲ ಎಂಬ ಏಕೈಕ ಕಾರಣಕ್ಕೆ ಸವಲತ್ತು ತಪ್ಪುವುದಾದರೆ ಈ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಲು ನಮ್ಮ ಕಡೆಯ ಶಾಸಕರು ಇನ್ನೂ ಯಾಕೆ ಎದ್ದು ನಿಂತಿಲ್ಲವೋ ತಿಳಿಯದು.

ಅಂತೂ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿಯದೆ, ರಸ್ತೆ ಕೆಲಸದವರು ಕೃಪೆ ಮಾಡಿ, ಬಸ್ಸು ಕುಮಟೆ ಮುಟ್ಟಿತು ಎನ್ನಿ. ಪೇಟೆಯ ಮೂಲೆಯಲ್ಲಿ ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ಮೀನು ಮಾರುವ ಹೆಂಗಸು ಎದ್ದು ಬರುತ್ತಾಳೆ.

“ಅಮ್ಮಾ, ಅದೆಂತ ಬಿಡ್ತಿದ್ರಿ? ಬೋಟೇ ಬಂದ್ ಆಗದೆ. ಮೀನು ಎಲ್ಲದೆ? ನಮ್ಗೇ ಒಣಮೀನು ಗತಿ. ಚೀಲ ತಕಂಡ್ ಹೋಗಿ.”

ವಿಷಯ ಅಲ್ಲೇ ಇರುವುದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಕೋಲದಿಂದ ಹೊನ್ನಾವರದವರೆಗೆ ಬೋಟುಗಳೆಲ್ಲ ದಡ ಸೇರಿ ತಾಡಪಾಲು ಹೊದ್ದು ನಿಂತಿರುತ್ತವೆ. ನಾಡದೋಣಿಯವರು ಮಳೆ ನೋಡಿ ಇಳಿದು ತಂದ ನಾಲ್ಕು ಮೀನಿಗೆ ಬೆಕ್ಕಿರಲಿ, ಮನುಷ್ಯರೇ ರೇಟು ಕೇಳಿ ವಾಪಸಾಗುತ್ತಾರೆ. ವರ್ಷದ ಹನ್ನೆರಡು ತಿಂಗಳಲ್ಲಿ ಮೀನುಪೇಟೆಯಲ್ಲಿ ಮೀನು ತೀರ ಕಮ್ಮಿ ಇರುವ ಎರಡೇ ಎರಡು ತಿಂಗಳು ಆರಿಸಿ, ಸರಿಯಾಗಿ ಅದೇ ಹೊತ್ತಿಗೆ ಜಿಲ್ಲೆಯ ಬೆಕ್ಕುಗಳನ್ನೆಲ್ಲ ಅಲ್ಲಿಗೆ ಸಾಗಿಸುವ ಈ ಯೋಜನೆಯನ್ನು ಯಾವ ಇಲಾಖೆಯೂ ರೂಪಿಸಿದ್ದಲ್ಲ. ಜನರೇ ಸ್ವಯಂಪ್ರೇರಿತರಾಗಿ ಮಾಡಿದ್ದು. ನಿಷೇಧ ಇರುವುದು ಮೀನುಗಳು ನೆಮ್ಮದಿಯಿಂದ ಮೊಟ್ಟೆ ಇಟ್ಟು ಮರಿ ಮಾಡಲಿ ಎಂದು. ಬೆಕ್ಕಿನ ಗರ್ಭವೂ ಸುಮಾರು 63 ದಿನ. ಚೀಲದಲ್ಲಿ ಬಂದಿಳಿದ ಬಸುರಿ ಬೆಕ್ಕು ಬೋಟು ನೀರಿಗಿಳಿಯುವ ಆಗಸ್ಟ್ ಒಂದರ ಸುಮಾರಿಗೆ ಸಂಸಾರ ಸಮೇತ ಸಿದ್ಧವಾಗಿರುತ್ತದೆ, ಅಲ್ಲಿಯತನಕ ಬದುಕಿದ್ದರೆ.

ಕಾನೂನು ಇಲ್ಲವೇ ಎನ್ನುತ್ತೀರಿ. ಭರ್ಜರಿಯಾಗಿ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ, ಹಸಿವು ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದು ಅಪರಾಧವೆಂದು ಸ್ಪಷ್ಟವಾಗಿ ಬರೆದಿದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ ಕನಿಷ್ಠ ಹತ್ತು ರೂಪಾಯಿ. ಗರಿಷ್ಠ ಐವತ್ತು. ಹೌದು, ರೂಪಾಯಿ. ಸಾವಿರ ಬಿಟ್ಟುಹೋಗಿದೆಯೇನೋ ಎಂದು ನಾನೂ ಕನ್ನಡಕ ಒರೆಸಿಕೊಂಡು ನೋಡಿದೆ. ಕಾಯ್ದೆ ಬಂದ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇದ್ದಿರಬೇಕು. ಆಮೇಲೆ ಎಲ್ಲದರ ಬೆಲೆ ಏರಿತು, ಬೆಕ್ಕಿನದೊಂದು ಬಿಟ್ಟು. 2022ರಲ್ಲಿ ಒಂದು ತಿದ್ದುಪಡಿ ಕರಡು ಹೊರಬಂದು ಜನರ ಅಭಿಪ್ರಾಯವನ್ನೂ ಕೇಳಿತ್ತು. ಪಂಜರದಲ್ಲಿ ಒಂದು ಹಕ್ಕಿಯನ್ನು ಜೋಪಾನವಾಗಿ ಮೈಸೂರಿಗೆ ಒಯ್ದರೆ 111 ರೂಪಾಯಿ, ಬೆಕ್ಕನ್ನು ದಾರಿಯಲ್ಲಿ ಎಸೆದು ಹೋದರೆ ಹೆಚ್ಚೆಂದರೆ 50. ನಮ್ಮವರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ.

ಇದೆಲ್ಲ ಹಳೇ ತಲೆಗಳ ಕೆಲಸವಾಯಿತು. ಮಕ್ಕಳು ಸುಧಾರಿಸಿದವರು, ವಿಜ್ಞಾನ ಓದಿದವರು. ಒಬ್ಬ ಮಗ ಕ್ಯಾಲಿಫೋರ್ನಿಯಾದಲ್ಲೇ ಕೂತು ಬೆಂಗಳೂರಿನ ಬೆಕ್ಕಿನ ಹಾಸ್ಟೆಲ್ಲೊಂದಕ್ಕೆ ಫೋನು ಮಾಡಿ ಅಪ್ಪನನ್ನೂ ಲೈನಿಗೆ ಸೇರಿಸಿದ. ಅಲ್ಲಿಯವರು ಲಸಿಕೆಯ ಪುಸ್ತಕ ಕೇಳಿದರು, ಸಂತಾನಹರಣ ಚಿಕಿತ್ಸೆ ಆಗಿದೆಯೇ ಎಂದರು, ತಳಿ ಯಾವುದೆಂದರು. “ಒಲೆಕಟ್ಟೆ ತಳಿ” ಎಂದರು ಅಪ್ಪ. “ಡಯೆಟ್ ಏನು ಸರ್?” “ಬೆಳಿಗ್ಗೆ ದೋಸೆ, ಮಧ್ಯಾಹ್ನ ಹಾಲನ್ನ, ರಾತ್ರಿ ಅದರ ಇಷ್ಟ.” ಸ್ವಭಾವ ಹೇಗೆ ಎಂಬ ಪ್ರಶ್ನೆಗೆ ಅಪ್ಪ ತುಸು ಯೋಚಿಸಿ, “ನಮ್ಮ ದೊಡ್ಡ ಭಾವನ ಹಾಗೆ” ಎಂದು ಪ್ರಾಮಾಣಿಕ ಉತ್ತರ ಕೊಟ್ಟರು. ದಿನಬಾಡಿಗೆಯನ್ನು ಆರು ತಿಂಗಳಿಗೆ ಗುಣಿಸಿದಾಗ ಬಂದ ಮೊತ್ತ ಕೇಳಿ, ಆ ದುಡ್ಡಿಗೆ ಬೆಕ್ಕನ್ನೇ ಅಮೆರಿಕಕ್ಕೆ ಬಾಣಂತನಕ್ಕೆ ಕಳಿಸಬಹುದು ಎಂದು ಫೋನಿಟ್ಟರು.

ಮಗ ಸೋಲಲಿಲ್ಲ. ಹೊತ್ತು ಹೊತ್ತಿಗೆ ಕಾಳು ಉದುರಿಸುವ ಯಂತ್ರವೊಂದು ಮನೆಗೆ ಬಂತು. ಜೊತೆಗೆ ಕ್ಯಾಮೆರಾ, ಅದರಲ್ಲಿ ಬೆಕ್ಕಿನೊಡನೆ ಮಾತೂ ಆಡಬಹುದಂತೆ. ಅಮೆರಿಕ ಮುಟ್ಟಿದ ಕೂಡಲೇ ಅಪ್ಪನ ಮೊಬೈಲು ಅಲ್ಲಿಯ ಸಮಯ ಹಿಡಿಯಿತು, ಮೊಬೈಲನ್ನು ನಂಬಿದ ಯಂತ್ರವೂ ಹಿಡಿಯಿತು. ಬೆಳಗಿನ ಎಂಟರ ತಿಂಡಿ ಶಿರಸಿಯಲ್ಲಿ ರಾತ್ರಿ ಎಂಟೂವರೆಗೆ ಬೀಳತೊಡಗಿತು. ಬೆಕ್ಕೇನೋ ಹೊಂದಿಕೊಂಡಿತು. ಹೊಂದಿಕೊಳ್ಳದ್ದು ಮಳೆ. ಆಷಾಢದ ಶಿರಸಿಯಲ್ಲಿ ದೇವರ ಪಟದ ಹಿಂದೆ, ಚಪ್ಪಲಿಯ ಒಳಗೆ, ಮಡಿಸಿಟ್ಟ ರೇಷ್ಮೆಸೀರೆಯ ಅಂಚಿನಲ್ಲಿ ಬೂಸು ಬರುತ್ತದೆ; ಯಂತ್ರದ ಹೊಟ್ಟೆಯೊಳಗಿನ ಕಾಳು ಬಿಟ್ಟೀತೇ? ನಾಲ್ಕನೇ ದಿನಕ್ಕೆ ಕಾಳುಗಳು ಒಂದಕ್ಕೊಂದು ಅಂಟಿ ಹಸಿರು ತುಪ್ಪಳ ಹೊದ್ದವು. ಯಂತ್ರ ಗರ್ ಗರ್ ತಿರುಗಿತು, ಏನೂ ಬೀಳಲಿಲ್ಲ. ಇರುವೆಗಳು ಮಾತ್ರ ಸಾಲಾಗಿ ಮೇಲೆ ಹತ್ತಿ, ಒಂದೊಂದು ಚೂರು ಹೊತ್ತು, ಶಿಸ್ತಿನಿಂದ ಇನ್ನೊಂದು ಬದಿಯಲ್ಲಿ ಇಳಿದವು. ಕ್ಯಾಮೆರಾದಲ್ಲಿ ಇದನ್ನು ನೋಡುತ್ತ ಮಗ “ಪುಟ್ಟೀ, ಪುಟ್ಟೀ” ಎಂದು ಸಮುದ್ರದಾಚೆಯಿಂದ ಕೂಗಿದ. ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಕರೆಂಟು, ಯಾವಾಗ ಬಂತೆಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಬೆಕ್ಕಿಗೆ ಜನಕ್ಕಿಂತ ಜಾಗದ ಮೇಲೆ ಜೀವ. ಊರೂರು ಹೊತ್ತು ತಿರುಗುವುದಕ್ಕಿಂತ ಅದನ್ನು ಅದರ ಮನೆಯಲ್ಲೇ ಬಿಟ್ಟು, ನಂಬಿಕಸ್ತರೊಬ್ಬರು ದಿನಕ್ಕೆ ಎರಡು ಸಲ ಬಂದು ಊಟ ನೀರು ಇಟ್ಟು, ಅದು ತಿಂದಿತೇ ಇಲ್ಲವೇ ಎಂದು ಕಣ್ಣಾಡಿಸಿ ಹೋದರೆ ಆಯಿತು. ಇದು ನಮ್ಮ ಕೇರಿಗೂ ಗೊತ್ತು. ನಂಬಿಕಸ್ತರೂ ಇದ್ದಾರೆ, ಆದರೆ ಅವರೂ ಜೂನಿನಲ್ಲಿ ಕೆನಡಾಕ್ಕೆ ಹೊರಟಿದ್ದಾರೆ. ಮೇಲಿನಮನೆಯವರು ಕೆಳಗಿನಮನೆಗೆ ಒಪ್ಪಿಸಿದರು, ಕೆಳಗಿನಮನೆಯವರು ಎರಡೂ ಬೆಕ್ಕನ್ನು ಹೊಳೆಯಾಚೆಗೆ ಒಪ್ಪಿಸಿದರು, ಹೊಳೆಯಾಚೆಯವರ ಮಗಳಿಗೆ ಟೆಕ್ಸಾಸ್‌ನಲ್ಲಿ ಅವಳಿ ಮಕ್ಕಳು. ಹೀಗೆ ಕೀಲಿಕೈಗಳೆಲ್ಲ ಹರಿದು ಬಂದು ಸೇರಿದ್ದು ಕೊನೇಮನೆ ಆಯಿಯ ಗೋಡೆಯ ಮೊಳೆಗೆ. ಎಂಬತ್ತರ ಹತ್ತಿರದ ಆಯಿ ಕೊಪ್ಪೆ ಹಾಕಿಕೊಂಡು, ಕೋಲೂರಿ, ಮನೆಯಿಂದ ಮನೆಗೆ ಅನ್ನದ ಪಾತ್ರೆ ಹಿಡಿದು ನಡೆಯುತ್ತಾಳೆ. ಇಷ್ಟು ವರ್ಷದ ಈ ಸೇವೆಗೆ ಆಕೆಗೆ ಸಂದದ್ದು ಬಂದವರು ಬಂದಾಗ ತಂದುಕೊಟ್ಟ ಬಾದಾಮಿ ಪೊಟ್ಟಣಗಳು. ಆಯಿಗೆ ಹಲ್ಲಿಲ್ಲ.

ಈ ಯುಗಾದಿಯ ಮರುದಿನ ಕೇರಿಗೆ ಸಿಡಿಲು ಬಡಿಯಿತು. ಆಯಿಯ ಮೊಮ್ಮಗಳಿಗೆ ಜರ್ಮನಿಯಲ್ಲಿ ಹೆರಿಗೆಯಂತೆ. “ಯಂಗೂ ವೀಸಾ ಬಂತು, ಜೂನಿಗೆ ಹೋಗ್ತಿ” ಎಂದು ಆಯಿ ನಗುತ್ತ ಹೇಳಿದಾಗ, ಹೆರಿಗೆ ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಅಂದೇ ಸಂಜೆ ದೇವಸ್ಥಾನದ ಚಂದ್ರಶಾಲೆಯಲ್ಲಿ ತುರ್ತು ಸಭೆ. ಆಯಿಯ ಆರೋಗ್ಯದ ದೃಷ್ಟಿಯಿಂದ ಈ ವಯಸ್ಸಿನಲ್ಲಿ ವಿಮಾನ ಒಳ್ಳೆಯದಲ್ಲ ಎಂದು ಮೊದಲ ಭಾಷಣಕಾರರು ಕಳಕಳಿಯಿಂದ ನುಡಿದರು. ಯಾರಾದರೂ ಒಬ್ಬರು ಪಯಣ ಮುಂದೂಡಬೇಕೆಂಬ ಸಲಹೆ ಬಂದಾಗ ಎಲ್ಲರೂ ಪಕ್ಕದವರ ಮುಖ ನೋಡಿದರು. ಸಂಬಳ ಕೊಟ್ಟು ಒಬ್ಬರನ್ನು ನೇಮಿಸೋಣ ಎಂದವನನ್ನು, ನಿನ್ನ ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ ಎಂದು ಕೂರಿಸಲಾಯಿತು. ಕೊನೆಗೆ ಕಾಯ್ದೆ ತಿಳಿದ ಮೇಷ್ಟ್ರು ಎದ್ದು, ಬೆಕ್ಕೊಂದಕ್ಕೆ ಗರಿಷ್ಠ ದಂಡ ಐವತ್ತರಂತೆ ಮನೆಮನೆಯಿಂದ ಮುಂಗಡವಾಗಿ ಎತ್ತಿ ಸೊಸೈಟಿ ಖಾತೆಯಲ್ಲಿ ಇಟ್ಟುಬಿಡೋಣ, ಯಾರಾದರೂ ಕೇಸು ಹಾಕಿದರೆ ಕಟ್ಟಿದರಾಯಿತು ಎಂದು ಠರಾವು ಮಂಡಿಸಿದರು. ಸರ್ವಾನುಮತದಿಂದ ಅಂಗೀಕಾರವಾಯಿತು. ವಸೂಲಿ ಮಾತ್ರ ನಿಂತಿದೆ. ಹೋದ ವರ್ಷದ ಮರಿಗಳನ್ನು ಯಾರ ಲೆಕ್ಕಕ್ಕೆ ಹಿಡಿಯುವುದೆಂದು ಮೇಲಿನಮನೆಗೂ ಕೆಳಗಿನಮನೆಗೂ ತಕರಾರು ಎದ್ದಿದೆ.