ಎಫ್‌-1 ಕಾರಿಗೆ ಏರೋಸ್ಕ್ರೀನ್ ಬೇಕೇ?

ಪರ

ಫಾರ್ಮುಲಾ ಒನ್ ರೇಸ್ ಕಾರಿನಲ್ಲಿ ಚಾಲಕನ ತಲೆ ಸುತ್ತ ಇರುವ ಲೋಹದ ಚೌಕಟ್ಟು ಹ್ಯಾಲೋ. ಅದು ಹಾರಿಬಂದ ಚಕ್ರವನ್ನು ತಡೆಯುತ್ತದೆ. ಸಣ್ಣ ಸ್ಪ್ರಿಂಗ್ ಅದರ ಸಂದಿಯಲ್ಲಿ ನುಗ್ಗಿ ಬಂದರೆ? ಅದಕ್ಕೇ ಏರೋಸ್ಕ್ರೀನ್ ಬೇಕು, ಅಂದರೆ ಚಾಲಕನ ಮುಂದೆ, ಪಕ್ಕದಲ್ಲಿ ಪಾರದರ್ಶಕ ಪರದೆ.

2009ರ ಹಂಗೇರಿ ರೇಸಿನ ಅರ್ಹತಾ ಸುತ್ತು. ರೂಬೆನ್ಸ್ ಬ್ಯಾರಿಕೆಲ್ಲೊ ಕಾರಿನ ಹಿಂಬದಿ ಸಸ್ಪೆನ್ಷನ್‌ನಿಂದ ಒಂದು ಸ್ಪ್ರಿಂಗ್ ಕಳಚಿಕೊಂಡಿತು. ತೂಕ ಒಂದು ಕಿಲೋನೂ ಇಲ್ಲ. ಹಿಂದೆ ಬರುತ್ತಿದ್ದ ಫೆಲಿಪೆ ಮಾಸಾ ಹೆಲ್ಮೆಟ್‌ಗೆ, ಎಡಗಣ್ಣಿನ ಮೇಲ್ಗಡೆ ಅದು ಬಡಿಯಿತು. ತಲೆಬುರುಡೆ ಬಿರುಕು ಬಿಟ್ಟಿತು. ಕಾರು ನೇರ ಹೋಗಿ ಟೈರ್ ಗೋಡೆಗೆ ಗುದ್ದಿತು. ಆ ವರ್ಷ ಮಾಸಾ ಮತ್ತೆ ರೇಸಿಗೆ ಇಳಿಯಲಿಲ್ಲ. ಬದುಕಿ ಉಳಿದರಲ್ಲ, ಅದೇ ದೊಡ್ಡದು.

ಅಮೆರಿಕದ ರೇಸ್ ಸರಣಿ ಇಂಡಿಕಾರ್‌ನ ಚಾಲಕ ಜಸ್ಟಿನ್ ವಿಲ್ಸನ್ ಉಳಿಯಲಿಲ್ಲ. 2015ರಲ್ಲಿ ಅಮೆರಿಕದ ಪೊಕೊನೊದಲ್ಲಿ ಬೇರೆ ಕಾರೊಂದು ಗೋಡೆಗೆ ಅಪ್ಪಳಿಸಿತು. ಅದರ ಮೂತಿಯ ತುಂಡು ಹಾರಿ ಬಂದು ವಿಲ್ಸನ್ ತಲೆಗೆ ಹೊಡೆಯಿತು. ಮರುದಿನ ತೀರಿಕೊಂಡರು. ಅವರು ಮಾಡಿದ ತಪ್ಪಾದರೂ ಏನು?

2020ರಿಂದ ಇಂಡಿಕಾರ್‌ನಲ್ಲಿ ಏರೋಸ್ಕ್ರೀನ್ ಬಂತು. ಟೈಟಾನಿಯಂ ಚೌಕಟ್ಟು, ಅದಕ್ಕೆ ದಪ್ಪ ಪಾಲಿಕಾರ್ಬೊನೇಟ್ ಪರದೆ. ಅದೇ ವರ್ಷ ಅಯೋವಾದಲ್ಲಿ ಕೋಲ್ಟನ್ ಹರ್ಟಾ ಕಾರು ರೀನಸ್ ವೀಕೇ ಕಾರಿನ ಮೇಲೆ ಹತ್ತಿ ಹಾರಿತು. ಇಬ್ಬರೂ ಪಾರಾದರು. ಈ ಸ್ಕ್ರೀನ್ ರೂಪಿಸಿದ್ದು ಎಫ್‌-1ರದ್ದೇ ರೆಡ್‌ಬುಲ್ ಬಳಗದ ಎಂಜಿನಿಯರ್‌ಗಳು. ಅಲ್ಲಿಗೆ ಮಾಡಿಕೊಟ್ಟದ್ದನ್ನು ತಮ್ಮ ಮನೆಗೂ ಮಾಡಿಕೊಳ್ಳಬಹುದು, ಅಲ್ವಾ?

ವಿರೋಧ

ಮಾಸಾ, ವಿಲ್ಸನ್ ಹೆಸರು ಕೇಳಿದರೆ ನನಗೂ ಸಂಕಟವಾಗುತ್ತದೆ. ಆದರೂ ಸ್ಕ್ರೀನ್ ಬೇಡ ಎನ್ನುತ್ತೇನೆ.

2017ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಸೆಬಾಸ್ಟಿಯನ್ ವೆಟೆಲ್ ಇಂಥದ್ದೇ ಒಂದು ಪಾರದರ್ಶಕ ಪರದೆ ಹಾಕಿ ಓಡಿಸಿ ನೋಡಿದರು. ಬಾಗಿದ ಪರದೆಯಲ್ಲಿ ಎದುರಿನದ್ದು ಸೊಟ್ಟಗೆ ಕಂಡು ತಲೆ ಸುತ್ತಿತು. ಒಂದೇ ಲ್ಯಾಪ್‌ಗೆ ನಿಲ್ಲಿಸಿದರು. ಅದನ್ನು ಸರಿಪಡಿಸಬಹುದು, ಒಪ್ಪಿದೆ. ಸೆಕೆ? ಇಂಡಿಕಾರ್ ಚಾಲಕರು ಒಳಗೆ ಬೆಂದುಹೋಗುತ್ತೇವೆ ಎಂದು ದೂರಿದ್ದಾರೆ. ಸಿಂಗಪುರದ ಧಗೆಯಲ್ಲಿ ಇನ್ನೇನು ಗತಿ?

ನನ್ನ ದೊಡ್ಡ ಆತಂಕ ಬೆಂಕಿಯದು. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಕಾರು ಉಕ್ಕಿನ ತಡೆಗೋಡೆಯನ್ನು ಸೀಳಿಕೊಂಡು ನುಗ್ಗಿ ಎರಡು ತುಂಡಾಯಿತು. ಹೊಡೆತ 67 ಜಿ, ಅಂದರೆ ಗುರುತ್ವ ಬಲದ 67 ಪಟ್ಟು. ತಲೆಯ ಮುಂದಿದ್ದ ಹ್ಯಾಲೋ ಗೋಡೆಯನ್ನು ತಳ್ಳಿ ಜಾಗ ಮಾಡಿತು. ಸುತ್ತ ಬೆಂಕಿ. ಎಡಗಾಲು ಸಿಕ್ಕಿಕೊಂಡಿತ್ತು. ಶೂ ಅಲ್ಲೇ ಬಿಟ್ಟು, ಕಾಲು ಎಳೆದುಕೊಂಡು, ಎದ್ದು ಬಂದರು. ಸುಮಾರು 27 ಸೆಕೆಂಡ್. ಕೈ ಸುಟ್ಟವು, ಜೀವ ಉಳಿಯಿತು. ಮೊದಲು ಹ್ಯಾಲೋ ಬೇಡ ಎನ್ನುತ್ತಿದ್ದವರು ಅವರೇ. ಆಸ್ಪತ್ರೆಯಿಂದಲೇ ಮಾತು ಬದಲಿಸಿದರು. ಅಂಥ ಹೊತ್ತಲ್ಲಿ ಎರಡೂ ಪಕ್ಕಕ್ಕೆ ಪರದೆ ಇದ್ದರೆ ಹೊರಬರುವ, ಹೊರಗಿನವರು ಕೈ ಹಾಕಿ ಎಳೆಯುವ ಜಾಗ ಕಮ್ಮಿಯಾಗುತ್ತದೆ.

ಇನ್ನೊಂದು ಮಾತು. ಅಲ್ಲಿ ಸೋತದ್ದು ಕಾಕ್‌ಪಿಟ್ ಅಲ್ಲ, ತಡೆಗೋಡೆ. 2019ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಎಫ್‌-2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿ) ಚಾಲಕ ಆಂತ್ವಾನ್ ಹ್ಯೂಬೆರ್ ಸತ್ತದ್ದು ಗೋಡೆಗೆ ಬಡಿದು ವಾಪಸ್ ಬಂದ ಕಾರಿನ ಪಕ್ಕಕ್ಕೆ ಇನ್ನೊಂದು ಕಾರು ಗುದ್ದಿ. ಯಾವ ಸ್ಕ್ರೀನ್ ಅವರನ್ನು ಉಳಿಸುತ್ತಿತ್ತು? 2022ರ ಹೊತ್ತಿಗೆ ಆ ಅಪಘಾತ ನಡೆದ ತಿರುವಿನ ಪಕ್ಕದ ಜಾಗವನ್ನು ಹಿಗ್ಗಿಸಿದರು. ಮಿಕ್ಕ ಹಳೆ ಟ್ರ್ಯಾಕ್‌ಗಳಲ್ಲೂ ಆ ಕೆಲಸ ಆಗಬೇಕು. ದುಡ್ಡು ಮೊದಲು ಅಲ್ಲಿಗೆ ಹೋಗಲಿ.