ಮನೆಯಲ್ಲಿ ಹೆಲಿಕಾಪ್ಟರ್ ಇದೆಯೇ?

ಮಳೆಗಾಲ ಬಂತೆಂದರೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮಕ್ಕಳು ಬೆಳಿಗ್ಗೆ ಎದ್ದು ಮೊದಲು ನೆನೆಯುವುದು ಜಿಲ್ಲಾಧಿಕಾರಿಯನ್ನು. ರೆಡ್ ಅಲರ್ಟ್ ಇದ್ದರೆ ಶಾಲೆಗೆ ರಜೆ. ರಜೆಯ ಆದೇಶದ ಕೆಳಗೆ ಪಾಲಕರಿಗೆ ಒಂದು ಸೂಚನೆಯೂ ಇರುತ್ತದೆ: ಮಕ್ಕಳು ನದಿ, ಕೆರೆ, ಸಮುದ್ರ ತೀರದ ಕಡೆ ಹೋಗದಂತೆ ನೋಡಿಕೊಳ್ಳಬೇಕು. ಪಾಲಕರು ಚಾಚೂ ತಪ್ಪದೆ ನೋಡಿಕೊಳ್ಳುತ್ತಾರೆ. ಬಾಗಿಲು ಹಾಕಿ, ಕೈಗೊಂದು ಮೊಬೈಲ್ ಕೊಟ್ಟು ಕೂರಿಸುತ್ತಾರೆ. ಮಗು ಬೆಚ್ಚಗೆ ಕುಳಿತು, ಉಕ್ಕಿ ಹರಿಯುವ ಹೊಳೆಗೆ ಸೇತುವೆಯಿಂದ ಹಾರುವ ಹುಡುಗರನ್ನು ಸಂಜೆಯವರೆಗೆ ನೋಡುತ್ತದೆ. ಆದೇಶದ ಉಲ್ಲಂಘನೆ ಎಲ್ಲಿಯೂ ಆಗಿಲ್ಲ.

ಮಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ಇಂಥದೊಂದು ರಜೆಯ ದಿನ ನಾಲ್ಕನೆಯ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಕಂಡಂತೆ ತಾನೂ ಹಾರಲೆಂದು ಅಜ್ಜನ ಛತ್ರಿ ಬಿಡಿಸಿಕೊಂಡು ಕಾರ್ ಶೆಡ್ಡಿನ ತಗಡಿನ ಮೇಲೆ ನಿಂತಿದ್ದ. ಕಾವಲುಗಾರ ಕಂಡದ್ದರಿಂದ ಛತ್ರಿಯೂ ಹುಡುಗನೂ ಉಳಿದರು. ಸಂಜೆಯೇ ತುರ್ತು ಸಭೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಎಂದು ಐದು ಬ್ಯಾಂಕುಗಳನ್ನು ಹೆತ್ತ ಸೀಮೆ ಇದು. ಇಲ್ಲಿ ಯಾವ ಸಂಘಕ್ಕೂ ಅಧ್ಯಕ್ಷಗಿರಿಗೆ ನಿವೃತ್ತ ಮ್ಯಾನೇಜರರ ಬರ ಇಲ್ಲ. ನಮ್ಮ ಅಧ್ಯಕ್ಷರೂ ಅವರಲ್ಲಿ ಒಬ್ಬರು. ಹುಡುಗನನ್ನು ಮುಂದೆ ನಿಲ್ಲಿಸಿಕೊಂಡು, ಸಾಲದ ಅರ್ಜಿ ಪರಿಶೀಲಿಸುವ ಗತ್ತಿನಲ್ಲಿ ಕೇಳಿದರು:

"ಇನ್‌ಸ್ಟಾಗ್ರಾಮ್ ಖಾತೆ ತೆರೆಯುವಾಗ ಹುಟ್ಟಿದ ವರ್ಷ ಏನು ಹಾಕಿದ್ದೀ?"

"1988, ಅಜ್ಜ."

"ಯಾಕೆ 1988?"

"ಬೆರಳು ಅಲ್ಲಿಗೆ ನಿಂತಿತು."

ಅಧ್ಯಕ್ಷರಿಗೆ ನಿಜವಾಗಿಯೂ ನೋವಾಯಿತು. ಮಗುವಿನ ಹೆಸರಲ್ಲಿ ಉಳಿತಾಯ ಖಾತೆ ತೆರೆಯಲು ಜನನ ಪ್ರಮಾಣಪತ್ರ, ಆಧಾರ್, ಅಪ್ಪನ ಪಾನ್, ಎರಡು ಫೋಟೊ ಕೇಳಿ, ಒಂದು ಸಹಿ ಓರೆಯಾದರೆ ಹಿಂದಕ್ಕೆ ಕಳಿಸಿದ ಜೀವ ಅದು. ಇನ್‌ಸ್ಟಾಗ್ರಾಮ್ ಖಾತೆಗೆ ಕನಿಷ್ಠ ವಯಸ್ಸು 13 ಎಂದು ಕಂಪನಿಯ ನಿಯಮವೇ ಹೇಳುತ್ತದೆ. ಆದರೆ ಆ ನಿಯಮದ ಬಾಗಿಲಲ್ಲಿ ನಿಂತಿರುವುದು ತಿರುಗುವ ಒಂದು ವರ್ಷಪಟ್ಟಿ. ಒಂಬತ್ತರ ಹುಡುಗ ಬೆರಳ ತುದಿಯಲ್ಲಿ ತನ್ನ ಅಪ್ಪನಿಗೆ ಓರಗೆಯವನಾಗಬಹುದು.

ಆಮೇಲೆ ನಡೆದದ್ದೇ ಅಸಲು ಪ್ರಹಸನ. ಯಾವ ಸಾಹಸದ ವಿಡಿಯೊ ಮಕ್ಕಳಿಗೆ ಯೋಗ್ಯ, ಯಾವುದು ಅಲ್ಲ ಎಂದು ತೀರ್ಮಾನಿಸಲು ಪಾಲಕರ ಉಪಸಮಿತಿ ರಚನೆಯಾಯಿತು. ಸಭಾಂಗಣದ ಟಿ.ವಿ.ಗೆ ಮೊಬೈಲ್ ಜೋಡಿಸಿ, ಗೋಳಿಬಜೆ, ಚಹಾ ತರಿಸಿ ವೀಕ್ಷಣೆ ಆರಂಭವಾಯಿತು. ಮೊದಲನೆಯದರಲ್ಲಿ ವಿದೇಶದವನೊಬ್ಬ ಹೆಲಿಕಾಪ್ಟರಿನಿಂದ ಹಿಮದ ಬೆಟ್ಟಕ್ಕೆ ಹಾರಿದ. ಹೆಂಗಸರು ಕಣ್ಣು ಮುಚ್ಚಿಕೊಂಡರು, ಗಂಡಸರು ಬಜೆ ಕಚ್ಚುವುದನ್ನು ಮರೆತರು. ಒಮ್ಮತದ ತೀರ್ಪು: ಅತ್ಯಂತ ಅಪಾಯಕಾರಿ, ಮಕ್ಕಳಿಗೆ ಕೂಡದು. ಎರಡನೆಯದರಲ್ಲಿ ಜೋಡಿಯೊಂದು ಬಂಡೆಯಿಂದ ಸಮುದ್ರಕ್ಕೆ ಹಾರಿ, ಮೇಲೆ ಬಂದು ಮುತ್ತಿಟ್ಟುಕೊಂಡಿತು. ಹಾರಿದ್ದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಮುತ್ತನ್ನು ಕತ್ತರಿಸಿದರೆ ತೋರಿಸಬಹುದು ಎಂದು ಷರಾ ಬರೆದರು. ಮೂರನೆಯದರಲ್ಲಿ ಹುಡುಗನೊಬ್ಬ ಸುಗಂಧದ್ರವ್ಯದ ಡಬ್ಬಿ ಮತ್ತು ಲೈಟರ್ ಹಿಡಿದು ಬೆಂಕಿ ಉಗುಳಿಸಿದ. ಎಂಜಿನಿಯರರೊಬ್ಬರು ಇದು ರಸಾಯನಶಾಸ್ತ್ರ ಎಂದರು. ಶೈಕ್ಷಣಿಕ ವರ್ಗಕ್ಕೆ ಸೇರಿತು. ಗಾಂಧಾರಿ ಮೆಣಸನ್ನು ಮುಷ್ಟಿಗಟ್ಟಲೆ ಜಗಿಯುವ ಪಂಥ ಅಡುಗೆ ವಿಭಾಗಕ್ಕೆ ಹೋಯಿತು. ಬಕೆಟ್ಟಿನ ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಕಟ್ಟುವ ಪಂಥ ಬಂದಾಗ ಸಭೆಯಲ್ಲಿ ಗೌರವದ ಮೌನ ಆವರಿಸಿತು. ಪ್ರಾಣಾಯಾಮ ಎಂದು ಬರೆದುಕೊಂಡರು.

ಇಡೀ ಪಟ್ಟಿ ತಲೆಕೆಳಗು. ಕದ್ರಿಯಿಂದ ಕುಲಶೇಖರದವರೆಗೆ ಒಬ್ಬರ ಮನೆಯಲ್ಲೂ ಹೆಲಿಕಾಪ್ಟರ್ ಇಲ್ಲ, ಕುದುರೆಮುಖದಲ್ಲಿ ಹಿಮ ಬೀಳುವುದಿಲ್ಲ. ಆ ವಿಡಿಯೊ ನೋಡಿದ ಮಗು ಹೆಚ್ಚೆಂದರೆ ಬಾಯಿ ತೆರೆದುಕೊಂಡು ಕೂರುತ್ತದೆ. ಲೈಟರ್, ಬಕೆಟ್, ಛತ್ರಿ, ತಾರಸಿ, ಬಟ್ಟೆ ಒಣಗಿಸುವ ಹಗ್ಗ ಮಾತ್ರ ಎಲ್ಲರ ಮನೆಯಲ್ಲೂ ಇವೆ. ವಿಡಿಯೊ ಎಷ್ಟು ಭಯಂಕರ ಎಂದು ಅಳೆಯುವ ಬದಲು, ಅದರ ಸಾಮಗ್ರಿ ನಮ್ಮ ಮನೆಯಲ್ಲಿ ಎಷ್ಟು ಹೆಜ್ಜೆ ದೂರದಲ್ಲಿದೆ ಎಂದು ಅಳೆದಿದ್ದರೆ ಉಪಸಮಿತಿಯ ಕೆಲಸ ಗೋಳಿಬಜೆ ಆರುವ ಮೊದಲೇ ಮುಗಿಯುತ್ತಿತ್ತು. ಪರದೆಯ ಕೆಳಗೆ ಓಡುವ 'ಮನೆಯಲ್ಲಿ ಪ್ರಯತ್ನಿಸಬೇಡಿ' ಎಂಬ ಸಾಲು ಮಗುವಿಗೆ ಎಚ್ಚರಿಕೆಯೇ ಅಲ್ಲ. ಇದು ಮನೆಯಲ್ಲಿಯೇ ಆಗುವ ಕೆಲಸ ಎಂಬ ಸುಳಿವು ಅದು.

ನೋಡಬೇಕಾದ ಇನ್ನೊಂದು ಸಂಗತಿ, ವಿಡಿಯೊದಲ್ಲಿ ಏನು ಇಲ್ಲ ಎಂಬುದು. ಹದಿನೈದು ಸೆಕೆಂಡಿನಲ್ಲಿ ಹಾರುವುದು ಇರುತ್ತದೆ. ಹಗ್ಗ ಕಟ್ಟಿದವರು, ಕೆಳಗೆ ಹಾಸಿಗೆ ಹಾಕಿದವರು, ಮೊದಲು ಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಇರುವುದಿಲ್ಲ. ನಮ್ಮ ಊರಿಗೆ ಸಾಹಸ ಹೊಸದೇನಲ್ಲ. ಅಷ್ಟಮಿಗೆ ಉಡುಪಿಯಲ್ಲಿ, ನವರಾತ್ರಿಗೆ ಮಂಗಳೂರಿನಲ್ಲಿ ಹುಲಿವೇಷದವನು ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಮಕ್ಕಳು ಅದನ್ನು ಹೆಗಲ ಮೇಲೆ ಕುಳಿತೇ ನೋಡಿ ಬೆಳೆದಿದ್ದಾರೆ. ಆದರೆ ಆ ಮುಡಿ ಎಷ್ಟು ಭಾರ ಎಂದು ಅವರಿಗೆ ಗೊತ್ತು, ಎದುರಿಗೇ ಬಿದ್ದಿರುತ್ತದೆ, ಬೇಕಾದರೆ ತಳ್ಳಿ ನೋಡಬಹುದು. ಮೂರು ಸಲ ಕಚ್ಚಿಯೂ ಎತ್ತಲಾಗದೆ ಬೆವರು ಒರೆಸಿಕೊಳ್ಳುವ ಹುಲಿಯನ್ನೂ ಅವರು ಕಂಡಿರುತ್ತಾರೆ. ಲಾಗ ಹಾಕಲು ಕಲಿಯುವ ಮರಿಹುಲಿಯ ಬೆನ್ನಿಗೆ ದೊಡ್ಡವರ ಕೈ ಇರುತ್ತದೆ. ಮೊಬೈಲಿನ ಹುಲಿ ಸೋಲುವುದೇ ಇಲ್ಲ. ಸೋತದ್ದನ್ನು ಕತ್ತರಿಸಿ ಎಸೆದಾಗಿದೆ.

ಸರಕಾರಕ್ಕೂ ಇದರಲ್ಲಿ ಪಾಲು ಇದೆ. ಸಿನಿಮಾದ ನಾಯಕ ಬೀಡಿ ಹಚ್ಚಿದರೆ ಪರದೆಯ ಮೂಲೆಯಲ್ಲಿ ತಂಬಾಕಿನ ಎಚ್ಚರಿಕೆ ಬರಲೇಬೇಕು. 2023ರ ಸೆಪ್ಟೆಂಬರಿನಿಂದ ಒಟಿಟಿಗೂ ಆ ನಿಯಮ ಬಂದಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಒಟಿಟಿಯ ಧಾರಾವಾಹಿಗೆ ಯು, ಯು/ಎ 7+, 13+, 16+, ಎ ಎಂದು ವಯಸ್ಸಿನ ಮುದ್ರೆ ಬೀಳಬೇಕು. ಅತ್ತೆ ಸೊಸೆಗೆ ಲಟ್ಟಣಿಗೆ ತೋರಿಸುವ ದೃಶ್ಯಕ್ಕೆ ಕೂಡ ಮುದ್ರೆ ಉಂಟು. ತಾರಸಿಯ ಅಂಚಿನಲ್ಲಿ ಸೈಕಲ್ ಓಡಿಸುವವನು ತಾನೇ ಚಿತ್ರೀಕರಿಸಿ ಹಾಕಿದ ವಿಡಿಯೊಗೆ ಅಂಥ ಮುದ್ರೆಯ ಗೋಜಿಲ್ಲ. ಅಪಾಯಕಾರಿ ಪಂಥಗಳಿಗೆ ಜಾಗವಿಲ್ಲ ಎಂದು ಯೂಟ್ಯೂಬ್ 2019ರ ಜನವರಿಯಲ್ಲಿ ತನ್ನ ನಿಯಮವನ್ನು ಬಿಗಿ ಮಾಡಿತು. ಇಂಥ ಬಿಗಿ ನಿಯಮಗಳ ಸಂದಿಯಿಂದಲೇ ನಮ್ಮ ಛತ್ರಿಯ ಹುಡುಗನಿಗೆ ವಿದ್ಯೆ ದೊರಕಿದ್ದು. ಹದಿನೆಂಟು ತುಂಬದ ಮಗನ ಕೈಗೆ ಬೈಕಿನ ಕೀಲಿ ಕೊಟ್ಟು ಅವನು ವೀಲಿಂಗ್ ಮಾಡುತ್ತಾ ಅಪರಾಧ ಎಸಗಿದರೆ, 2019ರ ತಿದ್ದುಪಡಿಯ ನಂತರ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ವೀಲಿಂಗ್ ಕಲಿಸುವ ಮೊಬೈಲ್ ಕೊಟ್ಟರೆ 'ಮಗು ಎಷ್ಟು ಚೂಟಿ' ಎಂಬ ಹೊಗಳಿಕೆ.

ಇತ್ತ ಉಪಸಮಿತಿಯ ಶ್ರಮಕ್ಕೆ ಫಲ ಬೇಗ ಸಿಕ್ಕಿತು. ವೀಕ್ಷಣೆ ನಡೆದದ್ದು ಅಧ್ಯಕ್ಷರ ಮೊಬೈಲಿನಲ್ಲಿ. ನ್ಯಾಯ ತಪ್ಪಬಾರದೆಂದು ಪ್ರತಿಯೊಂದನ್ನೂ ಕೊನೆಯವರೆಗೆ ನೋಡಿದ್ದರು. ಕೊನೆಯವರೆಗೆ ನೋಡಿದ್ದನ್ನು ಯಂತ್ರ ಪರೀಕ್ಷೆ ಎಂದು ತಿಳಿಯುವುದಿಲ್ಲ, ಪ್ರೀತಿ ಎಂದು ತಿಳಿಯುತ್ತದೆ. ಭಜನೆಯೂ ತಾಳಮದ್ದಳೆಯೂ ಬರುತ್ತಿದ್ದ ಪರದೆಯಲ್ಲಿ ಈಗ ಮೊಸಳೆಯ ಬಾಯಿಗೆ ಕೈ ಹಾಕುವವರು ಸಾಲುಗಟ್ಟಿ ನಿಂತರು. ಸಂಜೆ ಅದೇ ಮೊಬೈಲ್ ಮೊಮ್ಮಗನ ಕೈಗೆ. 'ಆಸಕ್ತಿ ಇಲ್ಲ' ಎಂದು ಒತ್ತುವ ಗುಂಡಿ ಇದೆ, ನೋಡಿದ ಇತಿಹಾಸವನ್ನು ಅಳಿಸಬಹುದು, ತಾನಾಗಿ ಮುಂದಿನದು ಓಡುವುದನ್ನು ನಿಲ್ಲಿಸಬಹುದು, ಯೂಟ್ಯೂಬ್ ಕಿಡ್ಸ್‌ನಲ್ಲಿ ಅಪ್ಪ ಅಮ್ಮ ಆರಿಸಿದ್ದು ಮಾತ್ರ ಬರುವಂತೆ ಮಾಡಬಹುದು ಎಂದು ಪಿಯುಸಿ ಓದುವ ಹುಡುಗಿಯೊಬ್ಬಳು ಹೇಳಿದಳು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸೋಣ ಎಂದರು.

ಮಗುವಿನ ಪಕ್ಕ ಕುಳಿತು ಒಂದೆರಡು ನೋಡಿ, 'ಇವನು ಬಿದ್ದರೆ ಏನಾಗುತ್ತಿತ್ತು, ವಿಡಿಯೊ ತೆಗೆದವರು ಯಾರು' ಎಂದು ಕೇಳುವ ಉಪಾಯ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದೂ ಕಷ್ಟ. ವಿಡಿಯೊ ತೆಗೆಯುವವರು ನಾವೇ ಅಲ್ಲವೇ? ಮಲ್ಪೆಯಲ್ಲಿ ಮಳೆಗಾಲಕ್ಕೆ ಕಡಲ ತೀರದಲ್ಲಿ ಬಲೆ ಕಟ್ಟಿ ಕೆಂಪು ಬಾವುಟ ನೆಡುತ್ತಾರೆ. ಆ ಬಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಮಗುವನ್ನು ಆಚೆ ನುಸುಳಿಸಿ, 'ಇನ್ನೂ ಸ್ವಲ್ಪ ಹಿಂದೆ ಹೋಗು ಪುಟ್ಟಾ, ಅಲೆ ಪೂರ್ತಿ ಬರುತ್ತಿಲ್ಲ' ಎಂದು ಬಲಗೈಯಲ್ಲಿ ಮೊಬೈಲ್ ನೇರ ಮಾಡುವ ಅಪ್ಪನಿಗೆ ಯಾವ ಉಪಸಮಿತಿ ಏನು ಹೇಳೀತು? ಸೋಮೇಶ್ವರದ ರುದ್ರಪಾದೆ ಬಂಡೆಯ ಮೇಲೆ ಕಡಲಿಗೆ ಬೆನ್ನು ಹಾಕಿ ನಿಲ್ಲುವ ಕುಟುಂಬಗಳ ಸರಾಸರಿ ವಯಸ್ಸು ಖಂಡಿತ 13ರ ಮೇಲೆಯೇ ಇದೆ.

ಕೊನೆಗೆ ಲಿಫ್ಟಿನಲ್ಲಿ, ಸಾಕುನಾಯಿಗಳನ್ನು ತರಬಾರದು ಎಂಬ ಚೀಟಿಯ ಪಕ್ಕ ಹೊಸ ಚೀಟಿ ಬಿತ್ತು: 'ಈ ಕಟ್ಟಡದ ಆವರಣದಲ್ಲಿ ಮಕ್ಕಳು ಅಪಾಯಕಾರಿ ವಿಡಿಯೊ ನೋಡುವುದನ್ನು ನಿಷೇಧಿಸಲಾಗಿದೆ. ಕಾರ್ಯದರ್ಶಿ.' ನಾಯಿಗಳು ಎಂದಿನಂತೆ ಲಿಫ್ಟಿನಲ್ಲಿಯೇ ಓಡಾಡುತ್ತಿವೆ. ಉಪಸಮಿತಿಯ ಮುಂದಿನ ಸಭೆ ಮುಂದಕ್ಕೆ ಹೋಗಿದೆ. ಅರುವತ್ತು ದಾಟಿದವರಿಗೆ ಸುಲಭ ಶೀರ್ಷಾಸನ ಎಂಬ ವಿಡಿಯೊ ನಿರುಪದ್ರವಿ ವರ್ಗದಲ್ಲಿ ಪಾಸಾಗಿತ್ತು. ಅದಕ್ಕೆ ಬೇಕಾದದ್ದು ಒಂದು ಗೋಡೆ ಮಾತ್ರ. ಅಧ್ಯಕ್ಷರು ಈಗ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾರೆ. ತಲೆ ಆಡಿಸಬಾರದೆಂದು ವೈದ್ಯರು ಹೇಳಿರುವುದರಿಂದ, ಹೊತ್ತು ಹೋಗಲೆಂದು ಮನೆಯವರು ಕೈಗೆ ಮೊಬೈಲ್ ಕೊಟ್ಟಿದ್ದಾರೆ.