ಕೆಲಸ ಇಲ್ಲ, ಹದಿನಾಲ್ಕು ಗಂಟೆ ದುಡಿಯಿರಿ

ನಮ್ಮ ಐಟಿ ದೊರೆಗಳ ಕಷ್ಟ ಯಾರಿಗೂ ಬೇಡ. ಕೆಲಸ ಎಷ್ಟಿದೆ ಅಂದರೆ ದಿನದ ಗಂಟೆಗಳು ಸಾಲುತ್ತಿಲ್ಲ. ಎಷ್ಟು ಕಮ್ಮಿ ಇದೆ ಅಂದರೆ ಇರುವ ಜನರಿಗೇ ಸಾಲುತ್ತಿಲ್ಲ. ಎರಡೂ ಒಟ್ಟಿಗೆ!

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂತು. ಐದು ದಿನಕ್ಕೆ ಗುಣಿಸಿ ನೋಡಿ, ಸರಿಯಾಗಿ 70. ಇಷ್ಟು ಅಚ್ಚುಕಟ್ಟಾದ ಲೆಕ್ಕ ನಮ್ಮ ರಸ್ತೆ ಗುಂಡಿಯ ಬಿಲ್ಲಿನಲ್ಲೂ ಇರುವುದಿಲ್ಲ. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆಯ ಮಾತು ಸುದ್ದಿಯಾಯಿತು. ಮನೆಯಲ್ಲಿ ಕೂತು ಹೆಂಡತಿ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದ್ದರು. ಆ ಹೆಂಡತಿಯೂ ಬೆಳ್ಳಂದೂರಿನಲ್ಲಿ ಕೋಡ್ ಬರೆಯುತ್ತಿರಬಹುದು ಅನ್ನುವುದು ಹೊಳೆದಂತಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಟಿಸಿಎಸ್ ಹೊಸ ನಿಯಮ ತಂತು. ವರ್ಷಕ್ಕೆ 225 ದಿನ ಗ್ರಾಹಕರಿಗೆ ಬಿಲ್ ಆಗುವ ಕೆಲಸ ಮಾಡಬೇಕು, ಪ್ರಾಜೆಕ್ಟ್ ಇಲ್ಲದೆ ಕಾಯುವುದು, ಅಂದರೆ ಬೆಂಚ್ ಮೇಲೆ ಕೂರುವುದು, 35 ದಿನ ಮೀರಬಾರದು. ಜುಲೈನಲ್ಲಿ ಸುಮಾರು 12,000 ಜನರನ್ನು ಕೆಲಸದಿಂದ ಕಳಿಸುತ್ತೇವೆ ಎಂದಿತು, ಹೆಚ್ಚಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು. ಪ್ರಾಜೆಕ್ಟ್ ತರಬೇಕಾದ್ದು ಕಂಪನಿ, ಅಲ್ವಾ? ಆದರೆ ಪ್ರಾಜೆಕ್ಟ್ ಸಿಗದಿದ್ದರೆ ತಪ್ಪು ನಿಮ್ಮದು. ಬೆಂಚಿನವನು ತನ್ನ ಕಂಪನಿಯಲ್ಲೇ ಒಂದರ ಹಿಂದೆ ಒಂದು ಇಂಟರ್‌ವ್ಯೂ ಕೊಡುತ್ತಾ ಕೆಲಸ ಹುಡುಕುತ್ತಾನೆ. ಸಂಬಳ ತಗೊಳ್ಳುವ ನಿರುದ್ಯೋಗಿ.

ಒಬ್ಬನಿಗೆ 14 ಗಂಟೆ ಕೆಲಸವಿದ್ದರೆ ಏಳೇಳು ಗಂಟೆಗೆ ಇಬ್ಬರನ್ನು ಇಟ್ಟುಕೊಳ್ಳಬಹುದಲ್ಲ? ಕಂಪನಿಯವರೆಲ್ಲ ಸೇರುವ ಟೌನ್‌ಹಾಲ್ ಮೀಟಿಂಗಿನಲ್ಲಿ ಕೇಳಿ ನೋಡಿ. "ಒಳ್ಳೇ ಪ್ರಶ್ನೆ, ಆಫ್‌ಲೈನ್ ಮಾತಾಡೋಣ" ಅನ್ನುತ್ತಾರೆ. ನಿಮ್ಮ ಹೆಸರನ್ನೂ ಬರೆದುಕೊಳ್ಳುತ್ತಾರೆ.

ಕೆಲಸದ ಷರತ್ತು, ಶಿಸ್ತುಕ್ರಮ, ವಜಾ ಎಲ್ಲವನ್ನೂ ಬರೆದಿಡಿ ಎನ್ನುವ 1946ರ ಕಾಯ್ದೆ ಒಂದಿತ್ತು. ಕರ್ನಾಟಕ ಸರ್ಕಾರ ಐಟಿಗೆ ಅದರಿಂದ ವಿನಾಯಿತಿ ಕೊಡುತ್ತಲೇ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಎಳೆಯಿತು. ಪಾಪ, ಎಳೆ ಕೂಸು. ಇಲ್ಲಿ ಐಟಿಗೆ ದಾರಿ ತೆರೆದ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು ಬರೀ 1985ರಲ್ಲಿ! ನಲವತ್ತಾದ ಉದ್ಯಮ ಇನ್ನೂ ತೊಟ್ಟಿಲಲ್ಲಿದೆ. ನಲವತ್ತಾದ ನೌಕರನಿಗೆ ಮಾತ್ರ ವಯಸ್ಸಾಯಿತು.

ನೀವಾಗಿ ರಾಜೀನಾಮೆ ಕೊಟ್ಟರೆ ಎಷ್ಟೋ ಕಡೆ 90 ದಿನ ನೋಟಿಸ್ ಪೀರಿಯಡ್. ನೀವಿಲ್ಲದೆ ಪ್ರಾಜೆಕ್ಟ್ ನಿಂತೇ ಹೋಗುತ್ತದೆ, ಕೆಟಿ ಕೊಡದೆ, ಅಂದರೆ ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಡದೆ, ಕದಲಬೇಡಿ ಅನ್ನುತ್ತಾರೆ. ಅವರಿಗೇ ಬೇಡವಾದರೆ ಹತ್ತಕ್ಕೆ ಎಚ್‌ಆರ್ ಮೀಟಿಂಗ್, ಹನ್ನೊಂದಕ್ಕೆ ಲ್ಯಾಪ್‌ಟಾಪ್ ಲಾಕ್. ರಾಜೀನಾಮೆಯನ್ನೂ ನೀವೇ ಬರೆದುಕೊಡಬೇಕು. ಯಾರೂ ಯಾರನ್ನೂ ತೆಗೆಯಲಿಲ್ಲ ನೋಡಿ.

ಕೊನೆಗೆ ಒಂದು ಎಕ್ಸಿಟ್ ಫಾರ್ಮ್. ಈ ಕಂಪನಿಗೆ ಸೇರಲು ಗೆಳೆಯರಿಗೆ ಹೇಳುತ್ತೀರಾ ಅಂತ ಕೇಳಿರುತ್ತಾರೆ. ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತಲೂ ಇರುತ್ತದೆ. ತುಂಬಬೇಕಾದರೆ ಮೊದಲು ಆಫೀಸ್ ಐಡಿಯಿಂದ ಲಾಗಿನ್ ಆಗಬೇಕು.